ಪದ ಪರಿಚಯ: ಚಿಮಣಿ

ನಮ್ಮ ಹಿಂದಿನ ತಲೆಮಾರಿನವರಿಗೆ ಚಿಮಣಿ ಎಂದರೆ ಗಾಜಿನ ಬುರುಡೆಯ ದೀಪ. ಚಿಮಣಿ ಎಣ್ಣೆ ಎಂದರೆ ಸೀಮೆಎಣ್ಣೆ. ಇಂಗ್ಲಿಷಿನಿಂದ ಬಂದ ಈ ಪದಕ್ಕೆ ಹೊಗೆಗೂಡು ಎಂಬ ಮೂಲಾರ್ಥವೂ ಇದೆ. ಈಗ ಮಡಿಕೇರಿಯ ಅಂಗಡಿಯಲ್ಲಿ ಚಿಮಣಿ ಕೇಳಿದರೆ ತೋರಿಸುವುದು ಗ್ಯಾಸ್ ಒಲೆಯ ಮೇಲೆ ಗೋಡೆಗೆ ಕೂರಿಸುವ, ಫ್ಯಾನು ಮತ್ತು ಫಿಲ್ಟರ್ ಉಳ್ಳ ತಗಡಿನ ಪೆಟ್ಟಿಗೆಯನ್ನು. ಈ ಮೂರನೆಯ ಅರ್ಥದಲ್ಲಿ ಒಂದು ತೊಡಕಿದೆ: ಹೊಗೆಯನ್ನು ಹೊರಗೆ ಒಯ್ಯದ ಪೆಟ್ಟಿಗೆಯೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ.

ಚಿಮಣಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಹೊಗೆ, ಹಬೆ, ಎಣ್ಣೆಯ ಜಿಡ್ಡನ್ನು ಎಳೆದು, ಜಿಡ್ಡನ್ನು ಆದಷ್ಟು ಫಿಲ್ಟರಿನಲ್ಲಿ ತಡೆದು, ಉಳಿದ ಗಾಳಿಯನ್ನು ಸಾಮಾನ್ಯವಾಗಿ 6 ಅಂಗುಲ ಅಗಲದ ಪೈಪಿನ ಮೂಲಕ ಮನೆಯಿಂದ ಹೊರಹಾಕುತ್ತದೆ. ಎರಡನೆಯದಕ್ಕೆ ಪೈಪಿಲ್ಲ, ಎಳೆದ ಗಾಳಿಯನ್ನು ಇದ್ದಿಲಿನ ಫಿಲ್ಟರಿನ ಮೂಲಕ ಹಾಯಿಸಿ ಅದೇ ಕೋಣೆಗೆ ಮರಳಿ ಬಿಡುತ್ತದೆ. ಗೋಡೆ ಕೊರೆಯುವ ಗೋಜಿಲ್ಲವೆಂದು ಬಾಡಿಗೆ ಮನೆಗಳಿಗೆ ಇದನ್ನೇ ಶಿಫಾರಸು ಮಾಡುವವರು ಹೆಚ್ಚು. ಇದ್ದಿಲು ವಾಸನೆಯನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ನಿಜ. ಆದರೆ ಅದು ನೀರಾವಿಯನ್ನಾಗಲಿ ಇಂಗಾಲದ ಡೈ ಆಕ್ಸೈಡನ್ನಾಗಲಿ ಹಿಡಿದಿಡುವುದಿಲ್ಲ, ಮತ್ತು ಕೆಲವು ತಿಂಗಳಿಗೊಮ್ಮೆ ಬದಲಿಸದಿದ್ದರೆ ವಾಸನೆಯನ್ನೂ ಬಿಟ್ಟುಕೊಡುತ್ತದೆ.

ಕೊಡಗಿನಲ್ಲಿ ಈ ನೀರಾವಿಯ ಮಾತೇ ದೊಡ್ಡದು. ಗ್ಯಾಸ್ ಉರಿದಾಗ ನೀರು ಹುಟ್ಟುತ್ತದೆ. 1 ಕಿಲೋ ಅಡುಗೆ ಅನಿಲದಿಂದ ಸುಮಾರು 1.6 ಕಿಲೋ ನೀರು ಆವಿಯಾಗಿ ಹೊರಬೀಳುತ್ತದೆ. ಅಂದರೆ 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ, ಅನ್ನ ಸಾರುಗಳ ಹಬೆಯನ್ನು ಲೆಕ್ಕಕ್ಕೆ ಹಿಡಿಯದೆಯೂ, 22 ಲೀಟರಿನಷ್ಟು ನೀರು ಅಡುಗೆಕೋಣೆಯ ಗಾಳಿಗೆ ಸೇರಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆರೆದರೆ ಎರಚಲು, ಮುಚ್ಚಿದರೆ ಗೋಡೆಯ ಮೂಲೆಯಲ್ಲಿ ಬೂಷ್ಟು ಎನ್ನುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಹಳೆಯ ಮನೆಯ ಸೌದೆ ಒಲೆಯ ಹೊಗೆ ಮೇಲಿನ ಅಟ್ಟದಲ್ಲಿಟ್ಟ ಮಾಂಸವನ್ನು ಒಣಗಿಸಿ, ಹೆಂಚಿನ ಸಂದುಗಳಿಂದ ತಾನಾಗಿಯೇ ಹೊರಹೋಗುತ್ತಿತ್ತು. ಕಾಂಕ್ರೀಟ್ ಸೂರಿನ ಬಾಡಿಗೆ ಮನೆಯಲ್ಲಿ ಅದಕ್ಕೆ ಕೆಲಸವೂ ಇಲ್ಲ, ದಾರಿಯೂ ಇಲ್ಲ.

ಪೈಪು ಇದೆಯೆಂದ ಮಾತ್ರಕ್ಕೆ ಗಾಳಿ ಹೊರಹೋಗುತ್ತಿದೆ ಎಂದೂ ನಂಬುವಂತಿಲ್ಲ. ನಾವಿದ್ದ ಒಂದು ಬಾಡಿಗೆ ಮನೆಯಲ್ಲಿ ಚಿಮಣಿ ಮೊದಲೇ ಕೂರಿಸಿತ್ತು, ಬೆಳ್ಳಿ ಬಣ್ಣದ ಪೈಪು ಮೇಲಿನ ಕಪಾಟಿನೊಳಗೆ ಅಚ್ಚುಕಟ್ಟಾಗಿ ಮರೆಯಾಗುತ್ತಿತ್ತು. ಪಂದಿಕರಿಯ ಮಸಾಲೆಯನ್ನು ಕಪ್ಪಾಗುವಷ್ಟು ಹುರಿದ ದಿನ ಮಾತ್ರ ಘಾಟು ಮಲಗುವ ಕೋಣೆಯವರೆಗೂ ಬರುತ್ತಿತ್ತು. ಕೊನೆಗೊಮ್ಮೆ ಕಪಾಟಿನ ಬಾಗಿಲು ತೆಗೆದು ನೋಡಿದರೆ ಪೈಪಿನ ಬಾಯಿ ಅಲ್ಲೇ, ಹಲಗೆಯ ಹಿಂದೆ ಮುಗಿದಿತ್ತು. ಹಲಗೆಯ ಮೇಲೆ ಜೇನಿನಂತೆ ಅಂಟಂಟಾದ ಹಳದಿ ಹನಿಗಳ ಸಾಲು. ಫಿಲ್ಟರಿಗೆ ಕಾಗದ ಹಿಡಿದರೆ ಅಂಟಿಕೊಳ್ಳುತ್ತದೆ ಎಂದು ತೋರಿಸುವ ಪರೀಕ್ಷೆ ಮೋಟಾರ್ ತಿರುಗುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ. ಮನೆ ನೋಡಲು ಹೋದಾಗ ಚಿಮಣಿಯ ಸ್ವಿಚ್ಚು ಹಾಕಿಸಿ, ಹೊರಗೆ ಹೋಗಿ ಪೈಪಿನ ಬಾಯಿಗೆ ಕೈ ಒಡ್ಡಿ ನೋಡುವುದೇ ಸರಿಯಾದ ಪರೀಕ್ಷೆ.

ಹೊಸದಾಗಿ ಕೂರಿಸುವುದಾದರೆ ಗೋಡೆ ಕೊರೆಯಲು ಮನೆ ಮಾಲೀಕರ ಒಪ್ಪಿಗೆ ಬೇಕು, ಅದು ಕರಾರುಪತ್ರದಲ್ಲಿ ಬರಹದಲ್ಲಿರುವುದು ಒಳ್ಳೆಯದು. ಅವರು ಒಪ್ಪದಿದ್ದರೆ ಕಿಟಕಿಯ ಒಂದು ಗಾಜನ್ನು ತೆಗೆದಿರಿಸಿ, ಆ ಜಾಗಕ್ಕೆ ತೂತು ಕೊರೆದ ತಗಡನ್ನು ಕೂರಿಸಿ, ಮನೆ ಬಿಡುವಾಗ ಗಾಜನ್ನು ಮರಳಿ ಹಾಕಬಹುದು. ಪೈಪಿನ ಪ್ರತಿಯೊಂದು ತಿರುವೂ ಎಳೆತವನ್ನು ಕುಗ್ಗಿಸುವುದರಿಂದ ದಾರಿ ಆದಷ್ಟು ನೇರವಾಗಿ, ಚಿಕ್ಕದಾಗಿ ಇರಬೇಕು. ನಮ್ಮ ಮಳೆ ನೈರುತ್ಯದಿಂದ ಬೀಸಿ ಬರುವುದರಿಂದ ಪೈಪಿನ ಬಾಯಿ ಆ ಕಡೆಗೆ ಮುಖ ಮಾಡದಿರಲಿ, ಹೊರತುದಿ ತುಸು ಕೆಳಗೆ ಬಾಗಿರಲಿ. ಇಲ್ಲದಿದ್ದರೆ ಮಳೆನೀರು ಪೈಪಿನೊಳಗೇ ಹರಿದು ಒಲೆಯ ಮೇಲೆ ತೊಟ್ಟಿಕ್ಕುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವ ಗಂಟೆಗೆ 1200 ಘನ ಮೀಟರ್ ಎಂಬಂತಹ ಅಂಕಿಗೆ ಮರುಳಾಗುವ ಅಗತ್ಯವಿಲ್ಲ. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಕೋಣೆಯಲ್ಲಿರುವುದು ಸುಮಾರು 23 ಘನ ಮೀಟರ್ ಗಾಳಿ. ಅದನ್ನು ಗಂಟೆಗೆ 15 ಸಲ ಪೂರ್ತಿ ಬದಲಿಸಿದರೂ 350 ಘನ ಮೀಟರಿನ ಒಳಗೇ ಆಯಿತು. ಎಳೆತಕ್ಕಿಂತ ಮರೆತುಹೋಗುವುದು ಒಳಬರುವ ಗಾಳಿ. ಬಾಗಿಲು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಚಿಮಣಿ ಹಾಕಿದರೆ ಅದು ಗುಂಯ್ ಎನ್ನುತ್ತದೆಯೇ ಹೊರತು ಹೊಗೆ ಎಳೆಯುವುದಿಲ್ಲ, ಏಕೆಂದರೆ ಹೊರಹಾಕಿದಷ್ಟೇ ಗಾಳಿ ಬೇರೆಲ್ಲಿಂದಲೋ ಒಳಗೆ ಬರಲೇಬೇಕು. ಮಳೆ ಹೊಡೆಯದ ಬದಿಯ ಒಂದು ಕಿಟಕಿಯನ್ನು ಎರಡು ಅಂಗುಲ ತೆರೆದಿಟ್ಟರೆ ಸಾಕು, ಸದ್ದು ಬದಲಾಗುವುದು ಕಿವಿಗೇ ತಿಳಿಯುತ್ತದೆ.

ಗ್ಯಾಸ್ ಸೋರಿದಾಗ ಮಾತ್ರ ಚಿಮಣಿಯ ಸ್ವಿಚ್ಚನ್ನು ಮುಟ್ಟಲೇಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ನೆಲದ ಮೇಲೆ ಹರಡುತ್ತದೆ. ಮೇಲಿರುವ ಚಿಮಣಿ ಅದನ್ನು ತಲುಪುವ ಮೊದಲೇ ಸ್ವಿಚ್ಚಿನ ಕಿಡಿ ತಲುಪೀತು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಎರಚಲು ಬಂದರೂ ಸರಿಯೆಂದು ಎಲ್ಲರೂ ಹೊರಗೆ ನಿಲ್ಲಬೇಕು.