3,000 ಡಾಲರ್‌ನ ಮೆಷಿನ್ ಮಂಡ್ಯಕ್ಕೆ ಬರುವಷ್ಟರಲ್ಲಿ ಎಷ್ಟಾಗುತ್ತೆ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಸಣ್ಣ ಘಟಕ ಇದೆ. ಆಲೆಮನೆಗಳಿಂದ ಬೆಲ್ಲ ತಂದು, ಪುಡಿ ಮಾಡಿ, ಅರ್ಧ ಕೆಜಿ, ಒಂದು ಕೆಜಿ ಪ್ಯಾಕೆಟ್‌ಗಳಲ್ಲಿ ಮೈಸೂರು, ಬೆಂಗಳೂರಿನ ಅಂಗಡಿಗಳಿಗೆ ಕೊಡುತ್ತೇವೆ. ಈಗ ಕೈಯಲ್ಲೇ ತುಂಬುತ್ತಿದ್ದೇವೆ. ಚೀನಾದ ಒಬ್ಬ ಸಪ್ಲೈಯರ್ ಪ್ಯಾಕಿಂಗ್ ಮೆಷಿನ್‌ಗೆ 3,000 ಡಾಲರ್ ಹೇಳಿದ್ದಾನೆ. ಇಲ್ಲಿನ ಡೀಲರ್ ಹೇಳುವುದಕ್ಕಿಂತ ಕಮ್ಮಿ. ನಮ್ಮ ಶೆಡ್‌ಗೆ ಬಂದು ನಿಲ್ಲುವಷ್ಟರಲ್ಲಿ ಒಟ್ಟು ಎಷ್ಟಾಗಬಹುದು ಸರ್? 30 ಪರ್ಸೆಂಟ್ ಅಡ್ವಾನ್ಸ್ ಕೇಳುತ್ತಿದ್ದಾನೆ, ಕಳಿಸಬಹುದಾ?

ಉತ್ತರ: ಇನ್ನೂ ಕಳಿಸಬೇಡಿ. ಮೊದಲು ಒಂದು ಹಾಳೆಯ ಮೇಲೆ ಲೆಕ್ಕ ಹಾಕೋಣ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಉದ್ಯಮಿಗಳೂ ಹೆಚ್ಚುಕಮ್ಮಿ ಇದೇ ಪ್ರಶ್ನೆ ಕೇಳುತ್ತಾರೆ. ಮೆಷಿನ್ ಬೇರೆ ಇರಬಹುದು, ಲೆಕ್ಕದ ದಾರಿ ಒಂದೇ.

ಮೊದಲು ಕೊಟೇಶನ್ನನ್ನು ಇನ್ನೊಮ್ಮೆ ನೋಡಿ. 3,000 ಡಾಲರ್ ಪಕ್ಕದಲ್ಲಿ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಎಕ್ಸ್‌ಡಬ್ಲ್ಯು ಅಂತ ಇದ್ದರೆ ಅದು ಅವನ ಫ್ಯಾಕ್ಟರಿ ಬಾಗಿಲಿನ ಬೆಲೆ. ಅಲ್ಲಿಂದ ಮುಂದಿನ ಪ್ರತಿ ಖರ್ಚೂ ನಿಮ್ಮದು. ಎಫ್‌ಒಬಿ ಅಂತ ಇದ್ದರೆ ಚೀನಾದ ಬಂದರಿನಲ್ಲಿ ಹಡಗಿಗೆ ಹತ್ತಿಸುವವರೆಗೆ ಅವನದು. ಸಿಐಎಫ್ ಅಂತ ಇದ್ದರೆ ಹಡಗಿನ ಬಾಡಿಗೆ ಮತ್ತು ವಿಮೆಯನ್ನೂ ಅವನೇ ಕಟ್ಟಿ, ನಮ್ಮ ಬಂದರಿನವರೆಗೆ ತಲುಪಿಸುತ್ತಾನೆ. ನಿಮ್ಮದು ಎಫ್‌ಒಬಿ ಎಂದೇ ಇಟ್ಟುಕೊಳ್ಳುತ್ತೇನೆ.

ಲೆಕ್ಕ ಸುಲಭವಾಗಲಿ ಅಂತ ಒಂದು ಡಾಲರ್‌ಗೆ 90 ರೂಪಾಯಿ ಹಿಡಿಯೋಣ. ಮೆಷಿನ್ ಬೆಲೆ 2,70,000 ರೂಪಾಯಿ. ಹಡಗಿನ ಬಾಡಿಗೆ, ವಿಮೆ ಎರಡೂ ಸೇರಿ 30,000 ಎನ್ನೋಣ. ಒಟ್ಟು 3,00,000. ಕಸ್ಟಮ್ಸ್‌ನವರು ಡ್ಯೂಟಿ ಹಾಕುವುದು ಈ ಮೂರು ಲಕ್ಷದ ಮೇಲೆ, ಬರೀ ಮೆಷಿನ್ ಬೆಲೆಯ ಮೇಲಲ್ಲ. ವಿಮೆಗೆ ಎಷ್ಟು ಕೊಟ್ಟಿದ್ದೀರಿ ಅಂತ ದಾಖಲೆ ತೋರಿಸಲು ಆಗದಿದ್ದರೆ ಎಫ್‌ಒಬಿ ಬೆಲೆಯ 1.125 ಪರ್ಸೆಂಟ್ ಅಂತ ಅವರೇ ಹಿಡಿಯುತ್ತಾರೆ. ಹಡಗಿನ ಬಾಡಿಗೆ ಎಷ್ಟೆಂದು ಗೊತ್ತಾಗದಿದ್ದರೆ ಎಫ್‌ಒಬಿ ಬೆಲೆಯ 20 ಪರ್ಸೆಂಟ್. ಹಾಗಾಗಿ ಬಾಡಿಗೆಯ ಬಿಲ್ ಕೈಯಲ್ಲಿರಲಿ. ಡಾಲರ್ ರೇಟ್ ಕೂಡ ಕಸ್ಟಮ್ಸ್ ಪ್ರಕಟಿಸಿದ್ದೇ ಲೆಕ್ಕ. ನಿಮ್ಮ ಬ್ಯಾಂಕ್ ಹಾಕುವ ರೇಟ್ ಅದಕ್ಕಿಂತ ಬೇರೆಯೇ ಇರುತ್ತೆ.

ಪುಡಿ ತುಂಬಿ ಸೀಲ್ ಮಾಡುವ ಮೆಷಿನ್‌ಗಳು ಸಾಮಾನ್ಯವಾಗಿ 8422 ಎಂಬ ಎಚ್‌ಎಸ್ ಕೋಡ್‌ನ (ಸಾಮಾನಿನ ಬಗೆ ಗುರುತಿಸಲು ಕಸ್ಟಮ್ಸ್‌ನವರು ಬಳಸುವ ನಂಬರ್) ಕೆಳಗೆ ಬರುತ್ತವೆ. ಅದಕ್ಕೆ ಮೂಲ ಕಸ್ಟಮ್ಸ್ ಡ್ಯೂಟಿ 7.5 ಪರ್ಸೆಂಟ್, ಐಜಿಎಸ್‌ಟಿ (ಆಮದಿನ ಮೇಲೆ ಕಟ್ಟುವ ಜಿಎಸ್‌ಟಿ) 18 ಪರ್ಸೆಂಟ್ ಅಂತ ಹಿಡಿದರೆ ಹೀಗಾಗುತ್ತೆ. ಮೂರು ಲಕ್ಷದ ಮೇಲೆ ಡ್ಯೂಟಿ 22,500. ಆ ಡ್ಯೂಟಿಯ ಮೇಲೆ 10 ಪರ್ಸೆಂಟ್ ಸಮಾಜ ಕಲ್ಯಾಣ ಸರ್‌ಚಾರ್ಜ್, ಅಂದರೆ 2,250. ಈಗ ಮೊತ್ತ 3,24,750. ಇದರ ಮೇಲೆ 18 ಪರ್ಸೆಂಟ್ ಐಜಿಎಸ್‌ಟಿ, 58,455. ಕಸ್ಟಮ್ಸ್‌ಗೆ ಒಟ್ಟು ಕಟ್ಟಬೇಕಾದದ್ದು 83,205 ರೂಪಾಯಿ.

ಇನ್ನು ಬಂದರಿನಿಂದ ನಿಮ್ಮ ಶೆಡ್‌ವರೆಗಿನ ಖರ್ಚು. ಗೋಡೌನ್ ಬಾಡಿಗೆ, ಡೆಲಿವರಿ ಆರ್ಡರ್ (ಸಾಮಾನು ಬಿಟ್ಟುಕೊಡಲು ಹಡಗಿನವರು ಕೊಡುವ ಚೀಟಿ) ಶುಲ್ಕ, ಕಸ್ಟಮ್ಸ್ ಕೆಲಸ ಮುಗಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಫೀಸು, ಲಾರಿ, ಕೊನೆಗೆ ಇಳಿಸಲು ಹೈಡ್ರಾ ಕ್ರೇನ್. ಇದಕ್ಕೆ ಸದ್ಯಕ್ಕೆ 40,000 ಇಡೋಣ. ಕೈಯಿಂದ ಹೋಗುವ ದುಡ್ಡು 4,23,205. ಅಂದರೆ ಕೊಟೇಶನ್ ಬೆಲೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ದುಡ್ಡು ಹೊಂದಿಸಿಕೊಳ್ಳದೆ ಅಡ್ವಾನ್ಸ್ ಕಳಿಸಬಾರದು. ಮೆಷಿನ್ ಬಂದರಿಗೆ ಬಂದಮೇಲೆ ಡ್ಯೂಟಿಗೆ ಸಾಲ ಹುಡುಕಲು ಹೊರಟರೆ, ಒಂದೊಂದು ದಿನಕ್ಕೂ ಗೋಡೌನ್ ಬಾಡಿಗೆ ಏರುತ್ತಲೇ ಇರುತ್ತೆ.

ಆದರೆ ಇದರಲ್ಲಿ ಐಜಿಎಸ್‌ಟಿಯ 58,455 ನಿಮ್ಮ ನಿಜವಾದ ಖರ್ಚಲ್ಲ. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ನಿಮ್ಮ ಖಾತೆಗೆ ಬರುತ್ತೆ, ಅಂದರೆ ನೀವು ಮಾರಾಟದ ಮೇಲೆ ಕಟ್ಟುವ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಮ್ಮಿ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಬರಲ್ಲ. ಬೆಲ್ಲದವರು ಇಲ್ಲಿ ಇನ್ನೊಂದು ಮಾತು ಗಮನಿಸಬೇಕು. ಪ್ಯಾಕ್ ಮಾಡಿ ಲೇಬಲ್ ಹಾಕಿದ ಬೆಲ್ಲಕ್ಕೆ 5 ಪರ್ಸೆಂಟ್ ಜಿಎಸ್‌ಟಿ ಇದೆ, ಬಿಡಿಯಾಗಿ ಮಾರಿದರೆ ಇಲ್ಲ. ನಿಮ್ಮ ಮಾರಾಟದ ತೆರಿಗೆ 5 ಪರ್ಸೆಂಟ್ ಆದಾಗ, ಆ 58,455 ಪೂರ್ತಿ ಕರಗಲು ಸುಮಾರು 11.7 ಲಕ್ಷ ರೂಪಾಯಿಯ ಪ್ಯಾಕೆಟ್ ಮಾರಬೇಕು. ಅದೂ ಬೇರೆ ಯಾವ ಕ್ರೆಡಿಟ್ಟೂ ಇಲ್ಲದಿದ್ದರೆ. ಮೆಷಿನ್‌ನಂಥ ಬಂಡವಾಳ ಸಾಮಾನಿನ ಕ್ರೆಡಿಟ್ ಉಳಿದುಹೋದರೆ ಅದನ್ನು ನಗದಾಗಿ ವಾಪಸ್ ಕೊಡುವುದಿಲ್ಲ. ಬಿಡಿ ಬೆಲ್ಲವನ್ನೂ ಮಾರುತ್ತಿದ್ದರೆ, ಅಷ್ಟು ಪಾಲಿನ ಕ್ರೆಡಿಟ್ ಬಿಟ್ಟುಕೊಡಬೇಕು. ನಿಮ್ಮ ಆಡಿಟರ್ ಜೊತೆ ಈಗಲೇ ಕೂತು ಈ ಮಾತು ಮುಗಿಸಿಕೊಳ್ಳಿ.

ಕ್ರೆಡಿಟ್ ಪೂರ್ತಿ ಸಿಕ್ಕರೆ ಮೆಷಿನ್‌ನ ನಿಜವಾದ ಬೆಲೆ 3,64,750. ಇಲ್ಲಿನ ಡೀಲರ್ ಕೊಟೇಶನ್‌ನಲ್ಲಿ ಜಿಎಸ್‌ಟಿ ಬಿಟ್ಟು ಉಳಿಯುವ ಮೊತ್ತವನ್ನು ಇದರ ಪಕ್ಕ ಇಟ್ಟು ನೋಡಿ. 2,70,000ದ ಪಕ್ಕ ಇಟ್ಟರೆ ಹೋಲಿಕೆಯೇ ತಪ್ಪು. ಡೀಲರ್ ಬಂದು ಮೆಷಿನ್ ಕೂರಿಸಿ ಕೊಡುತ್ತಾನೆ, ಕೆಟ್ಟರೆ ಫೋನ್ ಎತ್ತುತ್ತಾನೆ. ಅದಕ್ಕೂ ಒಂದು ಬೆಲೆ ಇದೆ ಅಲ್ವಾ. ವ್ಯತ್ಯಾಸ 20-30 ಸಾವಿರದೊಳಗೆ ಇದ್ದರೆ ಇಲ್ಲೇ ಕೊಳ್ಳಿ ಎನ್ನುವುದು ನನ್ನ ಸಲಹೆ.

ಆ ಲೆಕ್ಕದಲ್ಲಿ ನನಗೆ ತೀರಾ ಅನುಮಾನ ಇರುವುದು 40,000 ಎಂಬ ಸಂಖ್ಯೆ. ಡ್ಯೂಟಿ ಎಷ್ಟೆಂದು ಮೊದಲೇ ಗೊತ್ತಾಗುತ್ತೆ. ಸ್ಥಳೀಯ ಖರ್ಚು ಎಷ್ಟೆನ್ನುವುದು, ಹಡಗಿನ ಏಜೆಂಟ್‌ನನ್ನು ಯಾರು ಆರಿಸಿದರು ಎಂಬುದರ ಮೇಲೆ ನಿಂತಿದೆ.

ನಿಮ್ಮ ಮೆಷಿನ್‌ಗೆ ಇಡೀ ಕಂಟೇನರ್ ಬೇಕಿಲ್ಲ. ಮರದ ಪೆಟ್ಟಿಗೆ 1 ಮೀಟರ್ ಅಗಲ, 1.2 ಮೀಟರ್ ಉದ್ದ, 1.8 ಮೀಟರ್ ಎತ್ತರ ಇದ್ದರೆ 2.16 ಘನ ಮೀಟರ್ ಆಯಿತು. ಬೇರೆಯವರ ಸಾಮಾನಿನ ಜೊತೆ ಒಂದೇ ಕಂಟೇನರ್‌ನಲ್ಲಿ ಬರುತ್ತೆ. ಇದನ್ನೇ ಎಲ್‌ಸಿಎಲ್ ಎನ್ನುತ್ತಾರೆ. ಈಗ ಸಪ್ಲೈಯರ್ ಹೇಳುತ್ತಾನೆ: "ಸಿಐಎಫ್ ಮಾಡಿಕೊಡುತ್ತೇನೆ, ಬಾಡಿಗೆ ಬರೀ 20 ಡಾಲರ್ ಜಾಸ್ತಿ." ಕೇಳಲು ಚೆನ್ನಾಗಿದೆ. ಆದರೆ 20 ಡಾಲರ್‌ಗೆ ಯಾರೂ ಅಷ್ಟು ದೂರ ಸಾಮಾನು ಸಾಗಿಸುವುದಿಲ್ಲ. ಅವನ ಏಜೆಂಟ್ ಬಿಟ್ಟುಕೊಟ್ಟ ಬಾಡಿಗೆಯನ್ನು, ಆ ಏಜೆಂಟ್‌ನ ಇಲ್ಲಿನ ಪಾಲುದಾರ ನಿಮ್ಮಿಂದ ವಸೂಲಿ ಮಾಡುತ್ತಾನೆ. ಕಂಟೇನರ್ ಬಿಚ್ಚಿದ್ದಕ್ಕೆ, ಕಾಗದಪತ್ರಕ್ಕೆ, ಡೆಲಿವರಿ ಆರ್ಡರ್‌ಗೆ ಹೀಗೆ ಒಂದೊಂದಕ್ಕೂ ಹೆಸರು ಕೊಟ್ಟು ಬಿಲ್ ಬರುತ್ತೆ. ಆಗ ಸಾಮಾನು ಅವರ ಕೈಯಲ್ಲಿರುತ್ತೆ. ಕಟ್ಟದೆ ಬಿಡಿಸಿಕೊಳ್ಳುವ ಹಾಗಿಲ್ಲ.

ಇದಕ್ಕೆ ಪರಿಹಾರ ಸರಳ. ಮೊದಲ ಆರ್ಡರ್ ಎಫ್‌ಒಬಿಯಲ್ಲೇ ಇರಲಿ. ಬೆಂಗಳೂರಿನ ಎರಡು ಮೂರು ಫ್ರೈಟ್ ಏಜೆಂಟ್‌ಗಳನ್ನು (ಹಡಗಿನಲ್ಲಿ ಸಾಮಾನು ತರಿಸುವ ವ್ಯವಸ್ಥೆ ಮಾಡಿಕೊಡುವವರು) ನೀವೇ ವಿಚಾರಿಸಿ. ಪೆಟ್ಟಿಗೆಯ ಅಳತೆ, ತೂಕ ಎರಡನ್ನೂ ಕೊಡಿ. "ಚೀನಾ ಬಂದರಿನಿಂದ ನಮ್ಮ ಶೆಡ್‌ವರೆಗೆ ಎಲ್ಲ ಖರ್ಚೂ ಬರೆದು ಕೊಡಿ" ಎಂದು ಕೇಳಿ. ಬಾಯಿಮಾತು ಬೇಡ. ಚೆನ್ನೈನಲ್ಲಿ ಬಿಡಿಸಿಕೊಂಡರೆ ಎಷ್ಟು, ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ತಂದು ಬಿಡಿಸಿಕೊಂಡರೆ ಎಷ್ಟು ಅಂತ ಎರಡೂ ತರಿಸಿಕೊಳ್ಳಿ. ವೈಟ್‌ಫೀಲ್ಡ್ ಆದರೆ ಮಂಡ್ಯಕ್ಕೆ ಒಂದೇ ದಿನದ ಲಾರಿ ಕೆಲಸ, ತೊಂದರೆ ಬಂದರೆ ನೀವೇ ಹೋಗಿ ನಿಲ್ಲಬಹುದು. ಮೊದಲ ಸಲ ತರಿಸುವವರಿಗೆ ಆ ಅನುಕೂಲ ಸಣ್ಣದಲ್ಲ.

ಇನ್ನೊಂದು ಆಸೆ ತೋರಿಸುತ್ತಾರೆ. "ಡ್ಯೂಟಿ ಎಲ್ಲಾ ನಮ್ಮದೇ, ನಿಮ್ಮ ಬಾಗಿಲಿಗೆ ತಂದು ಇಳಿಸುತ್ತೇವೆ." ಇದು ಡಿಡಿಪಿ. ದಯವಿಟ್ಟು ಒಪ್ಪಿಕೊಳ್ಳಬೇಡಿ. ಚೀನಾದವನಿಗೆ ನಮ್ಮಲ್ಲಿ ಆಮದು ಮಾಡುವ ಕೋಡ್ ಇರುವುದಿಲ್ಲ. ಹೀಗಾಗಿ ಸಾಮಾನು ಹೆಚ್ಚಾಗಿ ಬೇರೆ ಯಾರದೋ ಹೆಸರಿನಲ್ಲಿ ಬರುತ್ತೆ. ಬಿಲ್ ಆಫ್ ಎಂಟ್ರಿಯಲ್ಲಿ (ಆಮದಿನ ವಿವರ ಬರೆದು ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ನಿಮ್ಮ ಹೆಸರಿಲ್ಲದಿದ್ದರೆ ಐಜಿಎಸ್‌ಟಿ ಕ್ರೆಡಿಟ್ ಇಲ್ಲ, ಬ್ಯಾಂಕಿಗೆ ತೋರಿಸಲು ದಾಖಲೆ ಇಲ್ಲ. ಆ ಇನ್ನೊಬ್ಬರು ಬೆಲೆ ಕಮ್ಮಿ ತೋರಿಸಿದ್ದರೆ ತನಿಖೆ ನಿಮ್ಮ ಶೆಡ್‌ವರೆಗೂ ಬರಬಹುದು. ಇನ್‌ವಾಯ್ಸ್‌ನಲ್ಲಿ 1,000 ಡಾಲರ್ ಅಂತ ಬರೆದುಕೊಡುತ್ತೇನೆ ಎನ್ನುವವನ ಮಾತೂ ಅಷ್ಟೇ. ಬ್ಯಾಂಕಿನಿಂದ ಹೋದ 3,000 ಡಾಲರ್ ದಾಖಲೆಯಲ್ಲಿ ಇರುತ್ತೆ. ಕಸ್ಟಮ್ಸ್ ಕಾಯ್ದೆಯಲ್ಲಿ ಸಾಮಾನು ಜಪ್ತಿ ಮಾಡಲು ಅವಕಾಶ ಇದೆ. ಬೇಕೆಂದೇ ಸುಳ್ಳು ಬರೆದಿದ್ದರೆ ತಪ್ಪಿಸಿದ ಡ್ಯೂಟಿಯಷ್ಟೇ ದಂಡವನ್ನೂ ಹಾಕುತ್ತಾರೆ.

ಕಾಗದಪತ್ರದ ವಿಷಯ ಹೆಚ್ಚು ಬೆಳೆಸುವುದಿಲ್ಲ. ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿಯ ವೆಬ್‌ಸೈಟ್‌ನಲ್ಲಿ ಐಇಸಿ, ಅಂದರೆ ಮೇಲೆ ಹೇಳಿದ ಆಮದು ಕೋಡ್ ಮಾಡಿಸಿಕೊಳ್ಳಿ. ಸರ್ಕಾರಿ ಶುಲ್ಕ 500 ರೂಪಾಯಿ, ನಂಬರ್ ನಿಮ್ಮ ಪ್ಯಾನ್ ನಂಬರೇ. ಅದನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡಬೇಕು. ಏನೂ ಬದಲಾಗದಿದ್ದರೂ ಮಾಡಬೇಕು, ಇಲ್ಲದಿದ್ದರೆ ನಿಷ್ಕ್ರಿಯವಾಗುತ್ತೆ. ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸುವುದು ನಿಯಮ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಸಪ್ಲೈಯರ್ ಕಾಗದಗಳನ್ನು ತಡವಾಗಿ ಕಳಿಸಿದರೂ ಕಟ್ಟುವವರು ನೀವೇ.

ಎಚ್‌ಎಸ್ ಕೋಡ್ ಮಾತ್ರ ಸಪ್ಲೈಯರ್ ಹೇಳಿದ್ದನ್ನು ಸುಮ್ನೆ ನಂಬಬೇಡಿ. ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ನಮ್ಮಲ್ಲಿ ಎಂಟು ಅಂಕಿ. ಮೆಷಿನ್‌ನ ಕ್ಯಾಟಲಾಗ್, ಫೋಟೊ ಹಿಡಿದುಕೊಂಡು ಕ್ಲಿಯರಿಂಗ್ ಏಜೆಂಟ್ ಹತ್ತಿರ ಹೋಗಿ. ಎರಡು ವಿಷಯ ಕೇಳಿ: ಡ್ಯೂಟಿ ಎಷ್ಟು, ಬೇರೆ ಅನುಮತಿ ಏನಾದರೂ ಬೇಕಾ. ಎರಡನೆಯದೇ ಹೆಚ್ಚು ಮುಖ್ಯ. ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ (ಸಾಮಾನಿನ ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ) ಗುರುತು ಕಡ್ಡಾಯ. ಎಲ್‌ಇಡಿ ದೀಪ, ಅಡಾಪ್ಟರ್, ಪವರ್ ಬ್ಯಾಂಕ್‌ಗಳಿಗೂ ನೋಂದಣಿ ಬೇಕು. ಹಲವು ಬಗೆಯ ಯಂತ್ರಗಳನ್ನೂ ಇಂಥ ನಿಯಮದ ಕೆಳಗೆ ತರುವ ಆದೇಶ 2024ರ ಆಗಸ್ಟ್‌ನಲ್ಲಿ ಹೊರಟಿತು, ಆಮೇಲೆ ಜಾರಿಯ ದಿನವನ್ನು ಮುಂದೂಡಿದರು. ಹಾಗಾಗಿ "ಈ ಕೋಡ್‌ಗೆ, ಈ ತಿಂಗಳಲ್ಲಿ ಬಂದಿಳಿದರೆ ಬಿಐಎಸ್ ಬೇಕಾ" ಅಂತ ಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಮೇಲ್‌ನಲ್ಲೇ ತರಿಸಿಕೊಳ್ಳಿ. ಡ್ಯೂಟಿ ಜಾಸ್ತಿಯಾದರೆ ದುಡ್ಡು ಹೋಗುತ್ತೆ ಅಷ್ಟೇ. ಅನುಮತಿ ಇಲ್ಲದಿದ್ದರೆ ಸಾಮಾನೇ ಒಳಗೆ ಬರುವುದಿಲ್ಲ. ಪೆಟ್ಟಿಗೆಯ ಮರಕ್ಕೂ ನಿಯಮ ಇದೆ. ಹುಳ ಬರದಂತೆ ಶಾಖ ಕೊಟ್ಟು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದ ಮುದ್ರೆ ಒತ್ತಿರಬೇಕು. ಪ್ಯಾಕ್ ಮಾಡಿದ ಮೇಲೆ ಆ ಮುದ್ರೆಯ ಫೋಟೊ ಕಳಿಸು ಎನ್ನಿ.

ಈಗ ಅಡ್ವಾನ್ಸ್ ವಿಷಯ. 30 ಪರ್ಸೆಂಟ್ ಮೊದಲು, ಉಳಿದದ್ದು ಹಡಗಿಗೆ ಹತ್ತಿಸುವ ಮುಂಚೆ, ಇದು ಚೀನಾದಲ್ಲಿ ಮಾಮೂಲಿ. ಆದರೆ ಅದಕ್ಕೂ ಮೊದಲು ನಿಮ್ಮ ಬೆಲ್ಲದ ಪುಡಿಯನ್ನೇ ಒಂದೆರಡು ಕೆಜಿ ಕೊರಿಯರ್‌ನಲ್ಲಿ ಕಳಿಸಿ. ಬೆಲ್ಲದ ಪುಡಿ ಗಾಳಿಯ ತೇವ ಹೀರಿ ಗಂಟು ಕಟ್ಟುತ್ತೆ. ಸಕ್ಕರೆಯನ್ನು ಸಲೀಸಾಗಿ ತುಂಬುವ ಮೆಷಿನ್ ಬೆಲ್ಲದ ಮುಂದೆ ನಿಂತುಬಿಡಬಹುದು. ಲೋಟದಲ್ಲಿ ಅಳೆಯುವ ಬಗೆ ಬೇಕಾ, ತಿರುಪು ತಿರುಗಿಸಿ ತಳ್ಳುವ ಬಗೆ ಬೇಕಾ ಎಂಬುದು ನಿಮ್ಮ ಪುಡಿ ಹಾಕಿ ಓಡಿಸಿದಾಗಲೇ ಗೊತ್ತಾಗುವುದು. ಹತ್ತು ಹದಿನೈದು ನಿಮಿಷ ನಿಲ್ಲಿಸದೆ ಓಡಿಸಿದ ವಿಡಿಯೊ ಕೇಳಿ. ಪ್ಯಾಕೆಟ್‌ಗಳನ್ನು ಒಂದೊಂದಾಗಿ ತೂಗಿ ತೋರಿಸಲಿ. ಈ ಪರೀಕ್ಷೆಗೆ ಒಪ್ಪದವನಿಗೆ ದುಡ್ಡು ಕಳಿಸಬೇಡಿ.

ಕರೆಂಟ್ ವಿಷಯವನ್ನೂ ಬರೆಸಿಕೊಳ್ಳಿ. ಚೀನಾದ ತ್ರೀ ಫೇಸ್ 380 ವೋಲ್ಟ್, ನಮ್ಮದು 415. ಪ್ಯಾನೆಲ್‌ನಲ್ಲಿ ಇಂಗ್ಲಿಷ್ ಇರಬೇಕು, ಇಲ್ಲದಿದ್ದರೆ ಚೀನೀ ಅಕ್ಷರ ನೋಡಿಕೊಂಡು ಬಟನ್ ಒತ್ತಬೇಕಾಗುತ್ತೆ. ಹೀಟರ್, ಬೆಲ್ಟ್, ಟೆಫ್ಲಾನ್ ಪಟ್ಟಿ, ತಾಪಮಾನದ ಸೆನ್ಸರ್ ಎರಡೆರಡು ಸೆಟ್ ಅದೇ ಪೆಟ್ಟಿಗೆಯಲ್ಲಿ ಬರಲಿ. ಆಮೇಲೆ ಒಂದು ಹೀಟರ್‌ಗಾಗಿ ಕೊರಿಯರ್, ಡ್ಯೂಟಿ ಅಂತ ಕಟ್ಟುತ್ತಾ ಕೂತರೆ ಮೆಷಿನ್ ಅಷ್ಟು ದಿನವೂ ನಿಂತಿರುತ್ತೆ.

ದುಡ್ಡು ಕಳಿಸುವಾಗ ಖಾತೆಯ ಹೆಸರು ಮತ್ತು ಇನ್‌ವಾಯ್ಸ್‌ನ ಕಂಪನಿ ಹೆಸರು ಒಂದೇ ಇರಬೇಕು. ಯಾರದೋ ಸ್ವಂತ ಖಾತೆಗೆ ಹಾಕಿ ಎಂದರೆ ಅಲ್ಲಿಗೆ ನಿಲ್ಲಿಸಿ. "ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಮೇಲ್ ಬಂದರೆ ಆ ಮೇಲ್‌ಗೆ ಉತ್ತರ ಬರೆಯಬೇಡಿ. ಮೊದಲಿಂದ ಮಾತಾಡುತ್ತಿದ್ದ ನಂಬರ್‌ಗೆ ವಿಡಿಯೊ ಕಾಲ್ ಮಾಡಿ ಕೇಳಿ. ಮೇಲ್ ಕದ್ದು ಓದಿ ನಡುವೆ ನುಗ್ಗುವವರು ಸರಿಯಾಗಿ ಎರಡನೇ ಕಂತಿನ ಹೊತ್ತಿಗೇ ಬರುತ್ತಾರೆ.

ಸಮಯದ ಲೆಕ್ಕವನ್ನೂ ಹಾಕಿಕೊಳ್ಳಿ. ಸಂಕ್ರಾಂತಿಯ ಎಳ್ಳು-ಬೆಲ್ಲದ ಮಾರಾಟಕ್ಕೆ ಮೆಷಿನ್ ಓಡಬೇಕು ಅಂದರೆ ಸೆಪ್ಟೆಂಬರ್ ಒಳಗೆ ಆರ್ಡರ್ ಕೊಟ್ಟಿರಬೇಕು. ತಯಾರಿಗೆ ಒಂದು ತಿಂಗಳಿಗೂ ಜಾಸ್ತಿ, ಹಡಗಿನಲ್ಲಿ ಎರಡು ಮೂರು ವಾರ, ಬಿಡಿಸಿಕೊಳ್ಳಲು ಇನ್ನೊಂದು ವಾರ, ಆಮೇಲೆ ಕೂರಿಸಿ ಹದಕ್ಕೆ ತರುವ ದಿನಗಳು. ಜನವರಿ-ಫೆಬ್ರವರಿಯಲ್ಲಿ ಚೀನೀ ಹೊಸವರ್ಷಕ್ಕೆ ಅಲ್ಲಿನ ಫ್ಯಾಕ್ಟರಿಗಳು ವಾರಗಟ್ಟಲೆ ಮುಚ್ಚಿರುತ್ತವೆ.

ಮೆಷಿನ್ ಬಂದ ದಿನ ಪೆಟ್ಟಿಗೆ ಬಿಚ್ಚುವ ಮೊದಲಿನಿಂದ ವಿಡಿಯೊ ಮಾಡಿ, ಒಡೆದಿದ್ದರೆ ವಿಮೆಗೆ ಬೇಕು. ನಂತರ ಬಿಲ್ ಆಫ್ ಎಂಟ್ರಿಯ ಪ್ರತಿಯನ್ನು ಬ್ಯಾಂಕಿಗೆ ಕೊಡಿ. ನೀವು ಕಳಿಸಿದ ಡಾಲರ್‌ಗೆ ಸಾಮಾನು ಬಂದಿದೆ ಅಂತ ರಿಸರ್ವ್ ಬ್ಯಾಂಕಿನ ಐಡಿಪಿಎಂಎಸ್ ವ್ಯವಸ್ಥೆಯಲ್ಲಿ ಅವರು ತಾಳೆ ಹಾಕಬೇಕು. ಅದು ಬಾಕಿ ಉಳಿದರೆ ಮುಂದಿನ ಸಲ ದುಡ್ಡು ಕಳಿಸಲು ಹೋದಾಗ ಬ್ಯಾಂಕ್ ತಡೆಯಬಹುದು. ಅದೇ ಬಿಲ್ ಆಫ್ ಎಂಟ್ರಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮಗೆ ಸಿಗುವ ಕ್ರೆಡಿಟ್ ತೋರಿಸುವ 2ಬಿ ಪಟ್ಟಿಯಲ್ಲಿ ಬಂದಿದೆಯಾ ಅಂತ ಆಡಿಟರ್‌ಗೆ ನೋಡಲು ಹೇಳಿ. ಬಂದಿಲ್ಲದಿದ್ದರೆ ಪೋರ್ಟಲ್‌ನಲ್ಲೇ ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆಯಾದ ಐಸ್‌ಗೇಟ್‌ನಿಂದ ವಿವರ ತರಿಸಿಕೊಳ್ಳುವ ಸೌಲಭ್ಯ ಇದೆ.