ಸಿನಿಮಾದಲ್ಲಿ ಹಳೆ ಹಾಡು 15 ಸೆಕೆಂಡ್ ಹಾಕಿದರೂ ಪರ್ಮಿಷನ್ ಬೇಕಾ?

ಪ್ರಶ್ನೆ: ನಾವು ಗಂಗಾವತಿ ಹುಡುಗರು ಸೇರಿ ಒಂದು ಕಿರುಚಿತ್ರ ಮಾಡ್ತಾ ಇದ್ದೀವಿ. ರೈಸ್ ಮಿಲ್ ಪಕ್ಕದ ಚಹಾದಂಗಡಿಯಲ್ಲಿ ಒಂದು ಸೀನ್ ಇದೆ. ರೇಡಿಯೋದಲ್ಲಿ ಹಳೆ ಕನ್ನಡ ಹಾಡು ಬರ್ತಿರುತ್ತೆ, 15 ಸೆಕೆಂಡ್ ಅಷ್ಟೇ. ಅದಕ್ಕೂ ಪರ್ಮಿಷನ್ ತಗೋಬೇಕೇನ್ರಿ?

ಉತ್ತರ: ತಗೋಬೇಕು.

ಇಷ್ಟು ಸೆಕೆಂಡ್‌ವರೆಗೆ ಫ್ರೀ ಅನ್ನುವ ಮಾತು ಎಡಿಟಿಂಗ್ ರೂಮುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಒಬ್ಬರು 7 ಅಂತಾರೆ, ಇನ್ನೊಬ್ಬರು 30 ಅಂತಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಲೆಕ್ಕವೇ ಇಲ್ಲ. ವಿಮರ್ಶೆ, ವರದಿಗೆ ಒಂದಷ್ಟು ಸಡಿಲಿಕೆ ಇದೆ. ಸೀನಿಗೆ ಮೂಡ್ ಬರಲಿ ಅಂತ ಹಾಕುವ ಹಾಡು ಅದರಲ್ಲಿ ಸೇರುವುದಿಲ್ಲ. ‘ಹಿಂದೆ ಸುಮ್ನೆ ಕೇಳಿಸುತ್ತೆ ಅಷ್ಟೇ’ ಅನ್ನುವುದನ್ನೂ ನಂಬಿ ಕೂರಬೇಡಿ. ಅಂಗಡಿ ಗೋಡೆಯ ಚಿತ್ರ ಫ್ರೇಮಿನಲ್ಲಿ ಹಾಗೇ ಬಂದುಹೋದರೆ ಕಾಯ್ದೆ ಬಿಡುತ್ತದೆ. ಆ ವಿನಾಯಿತಿ ಚಿತ್ರ, ಶಿಲ್ಪಗಳಿಗೆ ಮಾತ್ರ, ರೇಡಿಯೋ ಹಾಡಿಗಲ್ಲ.

‘ಹಳೆ ಹಾಡು ತಾನೇ?’ ಅಂತೀರಿ. ಇಲ್ಲೇ ಜಾಸ್ತಿ ಜನ ಎಡವುವುದು. ನಾವು ಒಂದೇ ಹಾಡು ಅಂತ ಕೇಳುವುದರಲ್ಲಿ ಮೂರು ಹಕ್ಕುಗಳಿವೆ: ಸಾಹಿತ್ಯದ್ದು, ಸಂಗೀತದ್ದು, ಧ್ವನಿಮುದ್ರಣದ್ದು. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಧ್ವನಿಮುದ್ರಣದ್ದು ಅದು ಹೊರಬಂದ ಮೇಲೆ 60 ವರ್ಷ. ಎರಡರಲ್ಲೂ ಲೆಕ್ಕ ಶುರುವಾಗುವುದು ಮರುವರ್ಷದಿಂದ. 1964ರ ‘ನಾಂದಿ’ ಚಿತ್ರವನ್ನೇ ತಗೊಳ್ಳಿ. ರೆಕಾರ್ಡ್ ಅದೇ ವರ್ಷ ಬಂತು ಅಂದುಕೊಂಡರೆ ಧ್ವನಿಮುದ್ರಣದ ಹಕ್ಕು 2024ರ ಕೊನೆಗೆ ಮುಗಿಯಿತು. ಆದರೆ ಸಂಗೀತ ನಿರ್ದೇಶಕ ವಿಜಯಭಾಸ್ಕರ್ ತೀರಿಕೊಂಡದ್ದು 2002ರಲ್ಲಿ. ಅಂದರೆ ಸಂಗೀತದ ಹಕ್ಕು 2062ರ ಕೊನೆವರೆಗೆ ಜೀವಂತ. ಆ ಹಾಡನ್ನು ನಿಮ್ಮ ಗೆಳೆಯರ ಕೈಲಿ ಹೊಸದಾಗಿ ಹಾಡಿಸಿದರೂ ಕೇಳಲೇಬೇಕು.

ದೊಡ್ಡವರಿಗೂ ಇದು ತಪ್ಪಿಲ್ಲ. 2024ರಲ್ಲಿ ಬಂದ ‘ಬ್ಯಾಚುಲರ್ ಪಾರ್ಟಿ’ಯಲ್ಲಿ ಎರಡು ಹಳೆ ಹಾಡು ಕೇಳದೆ ಬಳಸಿದ್ದಾರೆ ಅಂತ ಆಡಿಯೋ ಕಂಪನಿ ಎಂಆರ್‌ಟಿ ಮ್ಯೂಸಿಕ್ ಕೋರ್ಟಿಗೆ ಹೋಯಿತು. ದಿಲ್ಲಿ ಹೈಕೋರ್ಟ್ ನಿರ್ಮಾಪಕರ ಕಡೆಯವರಿಗೆ 20 ಲಕ್ಷ ರೂಪಾಯಿ ಠೇವಣಿ ಇಡಲು ಹೇಳಿತು. ನಿಮ್ಮ ಇಡೀ ಕಿರುಚಿತ್ರದ ಬಜೆಟ್ ಎಷ್ಟು?

ಹಾಡು ಬೇಕೇ ಬೇಕು ಅಂದರೆ ಆಡಿಯೋ ಕಂಪನಿಗೆ ಮೇಲ್ ಹಾಕಿ. ಸಿನಿಮಾ ಹಾಡಾದರೆ ಸಾಮಾನ್ಯವಾಗಿ ಮೂರೂ ಹಕ್ಕು ಅವರ ಹತ್ತಿರವೇ ಇರುತ್ತವೆ, ಆದರೂ ಕೇಳಿ ಖಚಿತ ಮಾಡಿಕೊಳ್ಳಿ. ಯಾವ ಹಾಡು, ಎಷ್ಟು ಸೆಕೆಂಡ್, ಯಾವ ಸೀನ್, ಎಲ್ಲೆಲ್ಲಿ ತೋರಿಸುತ್ತೀರಿ ಅಂತ ಬರೆಯಿರಿ. ಬರೀ ಫೆಸ್ಟಿವಲ್‌ಗಾದರೆ ಒಂದು ರೇಟು, ಯೂಟ್ಯೂಬು, ಓಟಿಟಿಗಾದರೆ ಬೇರೆ. ಫೋನಿನಲ್ಲಿ ‘ಹಾಕ್ಕೊಳ್ರಿ’ ಅಂದದ್ದು ಲೆಕ್ಕಕ್ಕಿಲ್ಲ, ಕಾಗದ ಬೇಕು. ಯೂಟ್ಯೂಬಿಗೆ ಹಾಕಿದಾಗ ಕ್ಲೇಮ್ ಬರಲಿಲ್ಲ ಅಂದಮಾತ್ರಕ್ಕೆ ಒಪ್ಪಿಗೆ ಸಿಕ್ಕಿತು ಅಂತಲೂ ಅಲ್ಲ.

ಒಪ್ಪಿಗೆ ಬರುವವರೆಗೆ ಎಡಿಟಿಂಗ್‌ನಲ್ಲಿ ಆ ಹಾಡನ್ನು ಹಾಕಿಕೊಂಡು ಕೂರಬೇಡಿ. ಹತ್ತು ಸಲ ಕೇಳಿದ ಮೇಲೆ ಬೇರೆ ಯಾವುದೂ ಹಿಡಿಸುವುದಿಲ್ಲ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಹೊಸ ಸಂಗೀತವನ್ನೇ ಮಾಡಿಕೊಟ್ಟಿದ್ದರು. ನಿರ್ದೇಶಕ ಕುಬ್ರಿಕ್ ಅದನ್ನು ಬಿಟ್ಟು, ಎಡಿಟಿಂಗ್‌ಗೆ ಅಂತ ಹಾಕಿಕೊಂಡಿದ್ದ, ಮೊದಲೇ ಇದ್ದ ಶಾಸ್ತ್ರೀಯ ಸಂಗೀತವನ್ನೇ ಉಳಿಸಿಕೊಂಡರು. ಅವರ ಬೆನ್ನಿಗೆ ಎಂಜಿಎಂನಂಥ ದೊಡ್ಡ ಹಾಲಿವುಡ್ ಸ್ಟುಡಿಯೋ ಇತ್ತು ಬಿಡಿ.

ನನ್ನನ್ನು ಕೇಳಿದರೆ, ಆ ಸೀನಿಗೆ ಸಿನಿಮಾ ಹಾಡೇ ಯಾಕೆ? ನಮ್ಮ ಸೀಮೆಯಲ್ಲಿ ಪದಗಳಿಗೆ ಬರವಾ? ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು 18ನೇ ಶತಮಾನದವರು. ಅವರ ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ವಚನಗಳಿಗೂ ಅಷ್ಟೇ. ಆದರೆ ಸಿದ್ಧರಾಮ ಜಂಬಲದಿನ್ನಿಯವರ ದನಿಯಲ್ಲಿ ಕೇಳಿದ ವಚನವನ್ನು ಕ್ಯಾಸೆಟ್ಟಿನಿಂದ ಎತ್ತಿ ಹಾಕಿದರೆ ಕಥೆ ಬೇರೆ. ಮಾತು 12ನೇ ಶತಮಾನದ್ದು, ರಾಗ ಹಾಕಿದ್ದು, ಹಾಡಿದ್ದು ಮೊನ್ನೆ ಮೊನ್ನೆ. ನಿಮ್ಮೂರ ಭಜನಾ ಮಂಡಳಿಯವರು ತಲೆಮಾರಿನಿಂದ ಹಾಡುವ ಧಾಟಿಯಲ್ಲೇ ಹಾಡಿಸಿ, ನೀವೇ ರೆಕಾರ್ಡ್ ಮಾಡಿಕೊಳ್ಳಿ.

ಮುದಗಲ್ ಮೊಹರಂನಲ್ಲಿ ಹಾಡುವ ರಿವಾಯತ್ ಪದ ಬೇಕಾದರೂ ಇದೇ ದಾರಿ. ಪದ ಜನಪದ ಇರಬಹುದು, ಹಾಡಿದವರಿಗೆ ತಮ್ಮ ಹಾಡುಗಾರಿಕೆ ಮೇಲೆ 50 ವರ್ಷದ ಹಕ್ಕಿದೆ. ಎಲ್ಲಿ ಬಳಸುತ್ತೀರಿ ಅಂತ ಓದಿ ಹೇಳಿ ಸಹಿ ಹಾಕಿಸಿಕೊಳ್ಳಿ, ದುಡ್ಡು ಕೊಡಿ. ‘ಜನಪದ ಅಲ್ವಾ’ ಅಂತ ಚಹಾ ಕುಡಿಸಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಶೂಟಿಂಗ್ ದಿನ. ರೇಡಿಯೋ ಕಾಣಲಿ, ಆದರೆ ಆಫ್ ಇರಲಿ. ಕಲಾವಿದರು ಹಾಡು ಕೇಳಿಸುತ್ತಿದೆ ಅನ್ನುವ ಹಾಗೆ ನಟಿಸಲಿ, ಹಾಡನ್ನು ಆಮೇಲೆ ಎಡಿಟಿಂಗ್‌ನಲ್ಲಿ ಸೇರಿಸಿ. ಮೈಕಿನಲ್ಲಿ ಡೈಲಾಗಿನ ಜೊತೆ ಹಾಡೂ ಸಿಕ್ಕಿಬಿದ್ದರೆ ಬೇರ್ಪಡಿಸುವುದು ತಲೆನೋವು. ಡೈಲಾಗಿನ ನಡುವೆ ಕಟ್ ಮಾಡಿದರಂತೂ ಹಾಡು ಅಲ್ಲಲ್ಲಿ ಎಗರುತ್ತದೆ. ಮಿಲ್ಲಿಗೆ ಭತ್ತ ತರುವ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡೇ ಬರುತ್ತವೆ, ಗೊತ್ತಲ್ಲ. ಅದು ಅಂಗಡಿ ದಾಟಿ ಹೋಗುವವರೆಗೆ ನಿಂತು, ಟೇಕ್ ಮತ್ತೆ ತೆಗೆಯಿರಿ. ಡಬ್ಬಿಂಗ್ ಖರ್ಚಿಗಿಂತ ಅಗ್ಗ.