ಎಳೆಯೋದು ನಮ್ಮವರು ಮಾತ್ರಾನಾ?

ಪ್ರಶ್ನೆ: "ಮೇಡಂ, ನಮ್ಮ ಧಾರಾವಾಹಿಗಳನ್ನ ಯಾಕೆ ಇಷ್ಟು ವರ್ಷ ಎಳೀತಾರೆ? ಫಾರಿನ್‌ನಲ್ಲಿ ಎಲ್ಲ ಹತ್ತು ಕಂತಿಗೆ ಚೊಕ್ಕವಾಗಿ ಮುಗಿಸ್ತಾರಂತೆ. ಪ್ರಪಂಚದಲ್ಲೇ ಅತಿ ಉದ್ದದ ಧಾರಾವಾಹಿ ನಮ್ಮದೇ ಇರಬೇಕು, ಅಲ್ವಾ?"

ಅಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ. ಮೊನ್ನೆ ಒಂದು ಗೃಹಪ್ರವೇಶದ ಊಟಕ್ಕೆ ಕೂತಿದ್ದೆ. ಹೋಳಿಗೆ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಪಕ್ಕದ ಎಲೆಯವರು ಇದನ್ನೇ ಕೇಳಿದರು. ಹೋಳಿಗೆ ತಣ್ಣಗಾಗುವ ತನಕ ಉತ್ತರ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಆದ್ರೂ ಫಾರಿನ್ನವರ ಶಿಸ್ತೇ ಬೇರೆ ಬಿಡಿ" ಅಂತ ಮಜ್ಜಿಗೆ ಕುಡಿದು ಎದ್ದು ಹೋದರು. ಅದಕ್ಕೇ ಒಂದು ಸಲ ಕೂತು ಬರೆದುಬಿಡುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನು ಕೈಗೆ ಕೊಟ್ಟು ನನ್ನ ಪಾಡಿಗೆ ಊಟ ಮಾಡುತ್ತೇನೆ.

ಮೊದಲು ನೇರ ಉತ್ತರ. ಅತಿ ಉದ್ದ ನಡೆದ ಧಾರಾವಾಹಿಗಳ ಮಾತು ಬಂದಾಗ ಹೇಳಲೇಬೇಕಾದ ಹೆಸರು ಅಮೆರಿಕದ 'ಗೈಡಿಂಗ್ ಲೈಟ್'. 1937ರ ಜನವರಿಯಲ್ಲಿ ರೇಡಿಯೊದಲ್ಲಿ ಶುರುವಾಯಿತು. 1952ರಲ್ಲಿ ಟಿವಿಗೆ ಬಂತು. ಮುಗಿದದ್ದು 2009ರ ಸೆಪ್ಟೆಂಬರ್‌ನಲ್ಲಿ. ಎಪ್ಪತ್ತೆರಡು ವರ್ಷ! ಈಗಲೂ ನಡೆಯುತ್ತಿರುವ ಟಿವಿ ಧಾರಾವಾಹಿಗಳಲ್ಲಿ ಎಲ್ಲರಿಗಿಂತ ಹಿರಿಯದು ಬ್ರಿಟನ್ನಿನ 'ಕೊರೊನೇಷನ್ ಸ್ಟ್ರೀಟ್'. ಅದರ ಮೊದಲ ಕಂತು ಬಂದದ್ದು 1960ರ ಡಿಸೆಂಬರ್ 9ರಂದು. ಆವತ್ತು ಕಾಲೇಜು ಹುಡುಗನಾಗಿ ಕಾಣಿಸಿಕೊಂಡ ವಿಲಿಯಂ ರೋಚ್ ತೊಂಬತ್ತು ದಾಟಿದ ಮೇಲೂ ಅದೇ ಕೆನ್ ಬಾರ್ಲೋ ಪಾತ್ರ ಮಾಡಿದ್ದಾರೆ. 2020ರ ಫೆಬ್ರವರಿಗೆ ಅದರ ಹತ್ತು ಸಾವಿರ ಕಂತು ತುಂಬಿತು.

ಈಗ ನಮ್ಮ ಲೆಕ್ಕ ನೋಡಿ. 'ಅಗ್ನಿಸಾಕ್ಷಿ' 2013ರ ಕೊನೆಯಲ್ಲಿ ಶುರುವಾಗಿ 2020ರ ಆರಂಭದಲ್ಲಿ ಮುಗಿಯಿತು. ಆರು ವರ್ಷ. ಅಷ್ಟಕ್ಕೇ ನಾವು "ಅಯ್ಯೋ, ಇನ್ನೂ ಎಷ್ಟು ಎಳೀತಾರಪ್ಪಾ" ಅಂದುಬಿಟ್ಟೆವು.

ಹಾಗಾದರೆ "ಫಾರಿನ್ನಲ್ಲಿ ಹತ್ತು ಕಂತು" ಅನ್ನೋ ಮಾತು ಎಲ್ಲಿಂದ ಬಂತು? ಮೊಬೈಲಿನಿಂದ. ನಾವು ರಾತ್ರಿ ಊಟ ಆದಮೇಲೆ ಕೂತು ನೋಡುವ ಎಂಟು ಹತ್ತು ಕಂತಿನ ವೆಬ್ ಸೀರೀಸ್ ಇವೆಯಲ್ಲ, ಅವನ್ನೇ ಅಲ್ಲಿನ ಧಾರಾವಾಹಿ ಅಂದುಕೊಂಡಿದ್ದೇವೆ. ಅವು ಧಾರಾವಾಹಿಯ ಜಾತಿಯವೇ ಅಲ್ಲ. ಮದುವೆ ಊಟ ತಂದು ದಿನದ ಅಡುಗೆ ಪಕ್ಕ ಇಟ್ಟು "ನೋಡಿ, ಇದು ಹೇಗೆ ಒಂದೇ ದಿನಕ್ಕೆ ಮುಗಿಯಿತು, ನಿಮ್ಮದು ಯಾಕೆ ಮುಗಿಯಲ್ಲ" ಅಂತ ಕೇಳಿದ ಹಾಗಾಯಿತು. ದಿನದ ಅಡುಗೆ ಮುಗಿಯೋದು ಅಂತ ಇದೆಯಾ? ನಾಳೆ ಬೆಳಿಗ್ಗೆ ಮತ್ತೆ ಕುಕ್ಕರ್ ಕೂಗಲೇಬೇಕು. ಅಲ್ಲಿ ಅದಕ್ಕೆ 'ಸೋಪ್' ಅನ್ನುತ್ತಾರೆ. ಸೋಪಿನ ಕಂಪನಿಗಳು ರೇಡಿಯೊ ಕಾಲದಿಂದ ಅದಕ್ಕೆ ದುಡ್ಡು ಹಾಕಿದ್ದರಿಂದ ಬಂದ ಹೆಸರು. ಮನೆಯಲ್ಲಿ ಸೋಪು ಖರ್ಚಾಗುವಷ್ಟು ದಿನ ಕಥೆಯೂ ನಡೆಯಬೇಕು, ಅಷ್ಟೇ.

"ಸರಿ, ಉದ್ದ ಇರಬಹುದು, ಆದರೆ ಅಲ್ಲಿ ಲಾಜಿಕ್ ಇರುತ್ತೆ." ಇದು ಎರಡನೇ ಸಾಲಿನ ವಾದ. ಇದಕ್ಕೂ ಉತ್ತರ ಇದೆ, ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಹೇಳುವಾಗ ನನಗೆ ಖುಷಿಯಾಗುತ್ತದೆ.

ಅಮೆರಿಕದ 'ಡಲ್ಲಾಸ್' ಗೊತ್ತಿರಬಹುದು. ಎಣ್ಣೆ ದುಡ್ಡಿನ ದೊಡ್ಡ ಮನೆತನ, ಅಣ್ಣ ತಮ್ಮಂದಿರ ಜಗಳ. ನಮ್ಮ ಆಸ್ತಿ ಜಗಳದ ಕಥೆಯೇ, ತಲೆ ಮೇಲೆ ಹ್ಯಾಟ್ ಇದೆ ಅಷ್ಟೆ. 1985ರಲ್ಲಿ ತಮ್ಮ ಬಾಬಿಗೆ ಕಾರು ಗುದ್ದುತ್ತದೆ. ಆಸ್ಪತ್ರೆಯ ಹಾಸಿಗೆ ಸುತ್ತ ಮನೆಯವರೆಲ್ಲ ನಿಂತಿರುತ್ತಾರೆ. ಎಲ್ಲರ ಎದುರೇ ಪ್ರಾಣ ಹೋಗುತ್ತದೆ. ಆ ಪಾತ್ರ ಮಾಡುತ್ತಿದ್ದ ಪ್ಯಾಟ್ರಿಕ್ ಡಫಿ ಧಾರಾವಾಹಿ ಬಿಟ್ಟು ಹೊರಟಿದ್ದರು, ಅದಕ್ಕೇ ಈ ಸಾವು. ಮುಂದೆ ಒಂದು ವರ್ಷ ಪೂರ್ತಿ ಅವನಿಲ್ಲದೆ ಕಥೆ ನಡೆಯಿತು. ಆದರೆ ಅವನಿಲ್ಲದ ಡಲ್ಲಾಸ್ ರುಚಿಸಲಿಲ್ಲ. ಡಫಿಯನ್ನು ವಾಪಸ್ ಕರೆದರು. ಸತ್ತವನನ್ನು ತರೋದು ಹೇಗೆ? 1986ರ ಮೇ ತಿಂಗಳ ಕಂತಿನಲ್ಲಿ ಹೆಂಡತಿ ಪ್ಯಾಮ್ ಬೆಳಿಗ್ಗೆ ಏಳುತ್ತಾಳೆ. ಬಚ್ಚಲಲ್ಲಿ ನೀರಿನ ಸದ್ದು. ಬಾಗಿಲು ತೆಗೆಯುತ್ತಾಳೆ. ಬಾಬಿ ಸ್ನಾನ ಮಾಡುತ್ತಾ ನಿಂತಿದ್ದಾನೆ! ತಿರುಗಿ "ಗುಡ್ ಮಾರ್ನಿಂಗ್" ಅನ್ನುತ್ತಾನೆ. ಆಮೇಲೆ ಗೊತ್ತಾಯಿತು, ಹಿಂದಿನ ವರ್ಷದ ಅಷ್ಟೂ ಕಥೆ ಪ್ಯಾಮ್‌ಗೆ ಬಿದ್ದ ಕನಸು ಅಂತ. ಒಂದಲ್ಲ ಎರಡಲ್ಲ, 31 ಕಂತಿನ ಕನಸು. ಆ ಒಂದು ವರ್ಷದಲ್ಲಿ ಬಂದವರು, ಹೋದವರು, ಕೂಡಿದವರು, ಮುರಿದವರು ಎಲ್ಲ ಸುಳ್ಳು. ಇದನ್ನ ನಮ್ಮ ಸಂಜೆ ಏಳೂವರೆ ಧಾರಾವಾಹಿಯವರು ಮಾಡಿದ್ದರೆ ನಾವು ಏನೇನು ಅನ್ನುತ್ತಿದ್ದೆವು ಅಂತ ಯೋಚಿಸಿ.

ದೆವ್ವ ಹಿಡಿಯೋದು, ಹಾವಾಗೋದು ಎಲ್ಲ ನಮ್ಮಲ್ಲೇ ಅಂತ ಮೂಗು ಮುರಿಯುತ್ತೇವಲ್ಲ? 'ಡೇಸ್ ಆಫ್ ಅವರ್ ಲೈವ್ಸ್' 1965ರಲ್ಲಿ ಶುರುವಾದದ್ದು, ಇನ್ನೂ ನಡೆಯುತ್ತಿದೆ. ಅದರಲ್ಲಿ ಮರ್ಲೀನಾ ಅಂತ ಒಬ್ಬ ಮನೋವೈದ್ಯೆ. ಓದಿದವಳು, ಊರಿಗೆಲ್ಲ ಬುದ್ಧಿ ಹೇಳುವವಳು. 1994-95ರ ಸುಮಾರಿಗೆ ಅವಳಿಗೇ ಸೈತಾನ ಹಿಡಿದ. ಕಣ್ಣಿನ ಬಣ್ಣ ಬದಲಾಯಿತು, ಹಾಸಿಗೆಯಿಂದ ಮೇಲೆದ್ದು ಗಾಳಿಯಲ್ಲಿ ತೇಲಿದಳು. ಬಿಡಿಸಲು ತಿಂಗಳುಗಟ್ಟಲೆ ಹಿಡಿಯಿತು. 'ಜನರಲ್ ಹಾಸ್ಪಿಟಲ್' ಅಂತ ಇನ್ನೊಂದು. ಹೆಸರು ಆಸ್ಪತ್ರೆ, ಆದರೆ 1981ರಲ್ಲಿ ಅದರ ನಾಯಕ ಮಾಡಿದ ಕೆಲಸ ಏನು ಗೊತ್ತಾ? ಊರನ್ನೇ ಹೆಪ್ಪುಗಟ್ಟಿಸಲು ಹೊರಟ ಹವಾಮಾನದ ಯಂತ್ರವೊಂದನ್ನು ನಿಲ್ಲಿಸಿದ್ದು. ಅದೇ ವರ್ಷದ ನವೆಂಬರ್‌ನಲ್ಲಿ ಅವನ ಮದುವೆ. ನೋಡಿದವರು ಸುಮಾರು ಮೂರು ಕೋಟಿ ಜನ. ಅತಿಥಿ ಪಾತ್ರದಲ್ಲಿ ಎಲಿಜಬೆತ್ ಟೇಲರ್ ಬಂದಿದ್ದರು.

ನಮ್ಮಲ್ಲಿ "ಇಪ್ಪತ್ತು ವರ್ಷಗಳ ನಂತರ" ಅಂತ ಹಾಕಿ ಮಗುವನ್ನು ದೊಡ್ಡದು ಮಾಡುತ್ತೇವೆ. ಅವರು ಅಷ್ಟು ಮರ್ಯಾದೆಯನ್ನೂ ಕೊಡುವುದಿಲ್ಲ. ಆಟ ಆಡಲು ಮಹಡಿ ಹತ್ತಿದ ಮಗು ಕೆಲವು ತಿಂಗಳಾದ ಮೇಲೆ ಮೀಸೆ ಚಿಗುರಿದ ಹುಡುಗನಾಗಿ ಇಳಿದು ಬರುತ್ತದೆ. ಮನೆಯಲ್ಲಿ ಉಳಿದವರಿಗೆ ಯಾರಿಗೂ ಒಂದು ವರ್ಷವೂ ವಯಸ್ಸಾಗಿರುವುದಿಲ್ಲ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ನಾನು ವಕೀಲಿಕೆ ಮಾಡಿದ ಹಾಗಾಗುತ್ತದೆ. ಚೊಕ್ಕವಾಗಿ ಮುಗಿಸುವವರು ನಿಜವಾಗಿಯೂ ಇದ್ದಾರೆ. ಮೆಕ್ಸಿಕೊ, ಬ್ರೆಜಿಲ್ ಕಡೆಯ 'ಟೆಲಿನೊವೆಲಾ'ಗಳು ದಿನಾ ಬರುತ್ತವೆ, ಆದರೆ ಕೊನೆ ಇಟ್ಟುಕೊಂಡೇ ಶುರುವಾಗುತ್ತವೆ. ಕೆಲವು ತಿಂಗಳು ನಡೆದು, ಮದುವೆ ಮಾಡಿಸಿ, ಕೆಟ್ಟವರಿಗೆ ಶಿಕ್ಷೆ ಕೊಟ್ಟು ಎದ್ದು ಹೋಗುತ್ತವೆ. ಮತ್ತೆ ತಮಾಷೆ ಏನು ಅಂದರೆ, ನಮ್ಮ ದೇಶದ ಧಾರಾವಾಹಿ ಹುಟ್ಟಿದ್ದು ಆ ಮಾದರಿಯಿಂದಲೇ. 1984ರ 'ಹಮ್ ಲೋಗ್' ಮೆಕ್ಸಿಕೊದಲ್ಲಿ ಮಿಗೆಲ್ ಸಬಿಡೊ ಮಾಡಿದ ಸಂದೇಶ ಹೇಳುವ ಧಾರಾವಾಹಿಗಳನ್ನು ನೋಡಿ ರೂಪಿಸಿದ್ದು. ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಎರಡು ಮಾತಾಡುತ್ತಿದ್ದರಲ್ಲ, ಅದೇ. ನೂರೈವತ್ತು ಚಿಲ್ಲರೆ ಕಂತಿಗೆ ಮುಗಿಯಿತು. ಅಂದರೆ "ನಮ್ಮವರಿಗೆ ಮುಗಿಸೋಕೆ ಬರಲ್ಲ" ಅನ್ನೋದೂ ಸುಳ್ಳು.

ಹಾಗಾದರೆ ಅರವತ್ತು ವರ್ಷ ಹೇಗೆ ನಡೆಸುತ್ತಾರೆ? ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಇದು.

ನಮ್ಮ ಧಾರಾವಾಹಿ ಒಂದು ಜೋಡಿಯ ಮೇಲೆ ನಿಂತಿರುತ್ತದೆ. ಒಬ್ಬ ಸೊಸೆ, ಒಬ್ಬ ಗಂಡ, ಸುತ್ತ ಒಂದು ಮನೆ. ಆ ಹುಡುಗಿಗೆ ಸಿನಿಮಾದಲ್ಲಿ ಅವಕಾಶ ಸಿಕ್ಕಿತು ಅನ್ನಿ, ಕಂಬ ಅಲ್ಲಾಡುತ್ತದೆ. ಬೇರೆಯವರನ್ನು ತಂದು ಕೂರಿಸುತ್ತಾರೆ, ನಮ್ಮ ಅತ್ತೆಯಂಥವರು "ಇವಳ ಮುಖಕ್ಕೆ ಆ ಕಳೆ ಇಲ್ಲ" ಅಂತ ಚಾನೆಲ್ ಬದಲಾಯಿಸುತ್ತಾರೆ. ಕೊರೊನೇಷನ್ ಸ್ಟ್ರೀಟ್ ನಿಂತಿರುವುದು ಹೆಸರೇ ಹೇಳುವ ಹಾಗೆ ಒಂದು ಬೀದಿಯ ಮೇಲೆ. ಅಂಟಿಕೊಂಡ ಇಟ್ಟಿಗೆ ಮನೆಗಳು, ಮೂಲೆಯಲ್ಲೊಂದು ಅಂಗಡಿ, ತುದಿಯಲ್ಲಿ 'ರೋವರ್ಸ್ ರಿಟರ್ನ್' ಅನ್ನೋ ಪಬ್. ಪಬ್ ಅಂದರೆ ಹೆಂಡದಂಗಡಿ ಅಂತ ಮಾತ್ರ ತಿಳಿಯಬೇಡಿ, ಅದು ಆ ಬೀದಿಯ ಅರಳಿಕಟ್ಟೆ. ಎಲ್ಲರ ಗುಟ್ಟೂ ಅಲ್ಲಿ ಹರಾಜು. ತಲೆಗೆ ಬಲೆ ಕಟ್ಟಿಕೊಂಡು ಎಲ್ಲರ ಮೇಲೂ ಕಣ್ಣಿಡುತ್ತಿದ್ದ ಈನಾ ಶಾರ್ಪಲ್ಸ್ ಅನ್ನೋ ಮುದುಕಿ 1980ರಲ್ಲಿ ಬೀದಿ ಬಿಟ್ಟು ಹೋದಳು, ಬೀದಿ ಉಳಿಯಿತು. ಮನೆ ಖಾಲಿಯಾದರೆ ಹೊಸ ಬಾಡಿಗೆಯವರು ಬಂದರು. ನಮ್ಮ ವಠಾರದಲ್ಲಿ ಆದ ಹಾಗೇ ಅಲ್ವಾ? ನಾವು ಎದುರು ಮನೆಯವರ ಕಥೆಯನ್ನು "ಇನ್ನೂ ಎಷ್ಟು ಎಳೀತಾರೆ" ಅನ್ನುವುದಿಲ್ಲ.

ಇದನ್ನು ಬರೆದ ಟೋನಿ ವಾರೆನ್‌ಗೆ ಆಗ 24 ವರ್ಷ. ಮೊದಲು ಒಪ್ಪಿಗೆ ಸಿಕ್ಕದ್ದು ಬರೀ ಹದಿಮೂರು ಕಂತಿಗೆ. ಆಗ ಅವರು ಇಟ್ಟಿದ್ದ ಹೆಸರು 'ಫ್ಲೋರಿಜೆಲ್ ಸ್ಟ್ರೀಟ್'. ಸ್ಟುಡಿಯೊದಲ್ಲಿ ಚಹಾ ಕೊಡುವ ಹೆಂಗಸು "ಇದೇನು ಫಿನಾಯಿಲ್ ಹೆಸರಿದ್ದ ಹಾಗಿದೆ" ಅಂದಳಂತೆ, ಬದಲಾಯಿಸಿದರು ಅನ್ನುವ ಕಥೆ ಇದೆ. ಮೊದಲ ಕಂತು ನೋಡಿದ ಒಬ್ಬ ಪತ್ರಿಕಾ ವಿಮರ್ಶಕರು ಇದು ಮೂರು ವಾರ ನಡೆದರೆ ಹೆಚ್ಚು ಅಂದರಂತೆ. ಟಿವಿ ಬಗ್ಗೆ ಬರೆಯುವ ನಮ್ಮಂಥವರು ಆ ವಿಮರ್ಶಕರನ್ನು ಆಗಾಗ ನೆನಪಿಸಿಕೊಳ್ಳೋದು ಒಳ್ಳೆಯದು.

ಬೀದಿ ಅಂದಮೇಲೆ ಯಾರೂ ಕೇಳದ ಇನ್ನೊಂದು ವಿಷಯ ನೆನಪಾಯಿತು. ಆ ಬೀದಿ ಎಲ್ಲಿದೆ? ಎಲ್ಲೂ ಇಲ್ಲ. ಅದು ಇರೋ ಊರು ವೆದರ್‌ಫೀಲ್ಡ್, ಬರೀ ಕಲ್ಪನೆ. ಮ್ಯಾಂಚೆಸ್ಟರ್‌ಗೆ ಅಂಟಿಕೊಂಡಿರುವ ಸಾಲ್ಫರ್ಡ್ ಅದಕ್ಕೆ ಮಾದರಿ. ಅಲ್ಲಿನ ಆರ್ಚಿ ಸ್ಟ್ರೀಟ್ ನೋಡಿ ಬೀದಿ ಕಟ್ಟಿದ್ದು. 1971ರಲ್ಲಿ ನಿಜವಾದ ಆರ್ಚಿ ಸ್ಟ್ರೀಟ್ ಅನ್ನು ಕೆಡವಿದರು. ಅಸಲಿ ಬೀದಿ ಹೋಯಿತು, ಸುಳ್ಳು ಬೀದಿ ಇನ್ನೂ ಇದೆ.

ಸುಳ್ಳು ಊರು ಅಂತ ನೋಡುವವರು ದೂರ ಇಡುತ್ತಾರೆ ಅಂದುಕೊಂಡರೆ ತಪ್ಪು. 1998ರಲ್ಲಿ ಆ ಬೀದಿಯ ಡೀರ್ಡ್ರಿ ಅನ್ನೋ ಹೆಂಗಸನ್ನು ಪೈಲಟ್ ಅಂತ ಸುಳ್ಳು ಹೇಳಿದ ಒಬ್ಬ ಮೋಸ ಮಾಡಿದ, ತಪ್ಪಿಲ್ಲದಿದ್ದರೂ ಅವಳು ಜೈಲಿಗೆ ಹೋದಳು. ಬಿಡುಗಡೆ ಮಾಡಿ ಅಂತ ಪತ್ರಿಕೆಗಳು ಚಳವಳಿ ಶುರು ಮಾಡಿದವು. ಪ್ರಧಾನಿ ಟೋನಿ ಬ್ಲೇರ್ ಕೂಡ ಅವಳ ಪರ ಮಾತಾಡಿದರು. ಇಲ್ಲದ ಊರಿನ, ಇಲ್ಲದ ಹೆಂಗಸಿನ ಪರವಾಗಿ! ನಾವೇನು ಕಡಿಮೆ? ಆರ್.ಕೆ. ನಾರಾಯಣ್ ಬರೆದ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ. ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದರು. ಈಗ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ, ಜನ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ.

ಆದರೆ ಇದರಲ್ಲಿ ಎಲ್ಲರನ್ನೂ ಮೀರಿಸಿದ್ದು ಬಿಬಿಸಿಯ 'ಈಸ್ಟ್‌ಎಂಡರ್ಸ್'. 1985ರ ಫೆಬ್ರವರಿಯಲ್ಲಿ ಶುರುವಾದದ್ದು. ಊರು ವಾಲ್‌ಫರ್ಡ್, ಲಂಡನ್ನಿನ ಪೂರ್ವ ಭಾಗದಲ್ಲಿ. ಅದೂ ಕಲ್ಪನೆ. ವಾಲ್ಥಮ್‌ಸ್ಟೋ, ಸ್ಟ್ರ್ಯಾಟ್‌ಫರ್ಡ್ ಎರಡೂ ಹೆಸರು ಸೇರಿಸಿ ಮಾಡಿದ್ದು. ಅದಕ್ಕೊಂದು ಮೆಟ್ರೊ ನಿಲ್ದಾಣ ಬೇಕಲ್ಲ? ಧಾರಾವಾಹಿಯ ನಕ್ಷೆಯಲ್ಲಿ ಬ್ರಾಮ್ಲಿ ಬೈ ಬೋ ಅನ್ನೋ ನಿಜವಾದ ನಿಲ್ದಾಣ ಇರುವ ಜಾಗದಲ್ಲಿ 'ವಾಲ್‌ಫರ್ಡ್ ಈಸ್ಟ್' ಅಂತ ಬರೆದರು. ಪಿನ್‌ಕೋಡ್ ಬೇಕಲ್ಲ? ಪೂರ್ವ ಲಂಡನ್ನಿನ ಕೋಡುಗಳು ಇ1ರಿಂದ ಇ18ರವರೆಗೆ ಇದ್ದವು. ಯಾರಿಗೂ ತೊಂದರೆ ಬೇಡ ಅಂತ ಇ20 ಇಟ್ಟುಕೊಂಡರು. ಮುಂದೆ ಲಂಡನ್ನಿಗೆ ಒಲಿಂಪಿಕ್ಸ್ ಬಂತು. ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಒಲಿಂಪಿಕ್ ಪಾರ್ಕ್ ಎದ್ದಿತು, ಅದರ ಸುತ್ತ ಮನೆಗಳು ಬರಬೇಕಿತ್ತು, ಹೊಸ ಕೋಡ್ ಬೇಕಾಯಿತು. 2011ರಲ್ಲಿ ಅಂಚೆಯವರು ಕೊಟ್ಟದ್ದು ಇ20.

ಈಗ ಅಲ್ಲಿ ನಿಜವಾದ ಜನ ಇದ್ದಾರೆ, ಕರೆಂಟ್ ಬಿಲ್ ಆ ವಿಳಾಸಕ್ಕೇ ಬರುತ್ತದೆ. ಮಗಳ ಬಾಣಂತನಕ್ಕೆ ಅಂತ ಲಂಡನ್ನಿಗೆ ಹೋಗುವ ಅಮ್ಮಂದಿರಿಗೆ ಒಂದು ಮಾತು. ಇ20ಕ್ಕೆ ಹೋಗಿ ಧಾರಾವಾಹಿಯ ಕಥೆ ನಡೆಯುವ ಆಲ್ಬರ್ಟ್ ಸ್ಕ್ವೇರ್ ಎಲ್ಲಿ ಅಂತ ಹುಡುಕಬೇಡಿ. ಆ ಸೆಟ್ ಇರೋದು ಲಂಡನ್ನಿನ ಆಚೆ, ಹರ್ಟ್‌ಫರ್ಡ್‌ಶೈರ್‌ನ ಬೋರಮ್‌ವುಡ್‌ನಲ್ಲಿ, ಸ್ಟುಡಿಯೊ ಕಾಂಪೌಂಡಿನ ಒಳಗೆ.